‘ಇವರು’ ಎಂಬ ಹೆಸರು

ಹೆಂಗಸರು ಏನನ್ನೂ ನೇರವಾಗಿ ಹೇಳುವುದಿಲ್ಲ ಎಂಬ ದೂರು ನಮ್ಮಲ್ಲಿ ಹಳೆಯದು. ಮದುವೆಮನೆಯ ಜಗಲಿಯಲ್ಲಿ, ಕಚೇರಿಯ ಚಹಾದ ಬಿಡುವಿನಲ್ಲಿ, ವಾಟ್ಸಾಪ್‌ನ ನಗೆಹನಿಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ‘ಉಪ್ಪು ತನ್ನಿ’ ಎನ್ನುವ ಬದಲು ‘ಉಪ್ಪು ಮುಗಿಯುತ್ತಾ ಬಂತು’ ಎನ್ನುತ್ತಾರೆ. ‘ನಾನು ತವರಿಗೆ ಹೋಗಬೇಕು’ ಎನ್ನುವ ಬದಲು ‘ಅಮ್ಮನಿಗೆ ಮೈ ಹುಷಾರಿಲ್ಲವಂತೆ’ ಎನ್ನುತ್ತಾರೆ. ‘ಏನೂ ಇಲ್ಲ’ ಎಂದರೆ ಏನೋ ಇದೆ ಎಂದೇ ಅರ್ಥ. ಕೇಳಿದವರು ನಗುತ್ತಾರೆ, ಅಲ್ಲಿದ್ದ ಹೆಂಗಸರೂ ನಗುತ್ತಾರೆ, ಮಾತು ಬೇರೆ ಕಡೆಗೆ ಹೋಗುತ್ತದೆ. ಸುತ್ತುಮಾತು ಹೆಣ್ಣಿನ ಸ್ವಭಾವವೇ, ಇಲ್ಲ ಆಕೆ ನಿಂತ ಜಾಗದ ಗುಣವೇ ಎಂಬ ಪ್ರಶ್ನೆ ಮಾತ್ರ ಅಲ್ಲೇ ಉಳಿಯುತ್ತದೆ. ಅದನ್ನು ಸ್ವಲ್ಪ ಚರಿತ್ರೆಯ ಕಡೆಯಿಂದ ನೋಡೋಣ ಅನ್ನಿಸಿತು.

ನೋಡಲು ಹೊರಟರೆ ಮೊದಲು ಸಿಗುವುದು ಒಂದು ಹೆಸರು. ಸರಿಯಾಗಿ ಹೇಳಬೇಕೆಂದರೆ, ಹೇಳದೆ ಉಳಿದ ಹೆಸರು. ನನ್ನ ಅಜ್ಜಿ ಐವತ್ತು ವರ್ಷಕ್ಕೂ ಮೀರಿ ಸಂಸಾರ ಮಾಡಿದವಳು. ಅಜ್ಜನ ಹೆಸರನ್ನು ಅವಳ ಬಾಯಿಂದ ನಾವು ಯಾರೂ ಕೇಳಲಿಲ್ಲ. ಎದುರಿಗಿದ್ದರೆ ‘ಇವರು’, ಹೊಲದಲ್ಲಿದ್ದರೆ ‘ಅವರು’, ಹೊರಗಿನವರ ಮುಂದೆ ‘ನಮ್ಮ ಯಜಮಾನರು’, ತೀರಿಹೋದ ಮೇಲೆ ‘ನಿಮ್ಮಜ್ಜ’. ಅಜ್ಜನ ಹೆಸರು ಬೆಟ್ಟಯ್ಯ. ಹಾಗಾಗಿ ಅವಳ ನಿಘಂಟಿನಲ್ಲಿ ಬೆಟ್ಟ ಎಂಬ ಪದವೂ ಇರಲಿಲ್ಲ. ಮಹದೇಶ್ವರನ ಬೆಟ್ಟಕ್ಕೂ ಅವಳು ‘ಗುಡ್ಡ’ ಎಂದೇ ಅನ್ನುತ್ತಿದ್ದಳು. ಪಡಿತರ ಚೀಟಿಯ ಕೆಲಸಕ್ಕೆ ಹೋದಾಗ ಗುಮಾಸ್ತರು ಗಂಡನ ಹೆಸರು ಕೇಳಿದರೆ ಪಕ್ಕದಲ್ಲಿ ನಿಂತವರ ಮುಖ ನೋಡುತ್ತಿದ್ದಳು. ಅವರು ಹೇಳಬೇಕು, ಇವಳು ತಲೆಯಾಡಿಸಬೇಕು. ನಮ್ಮ ನಾಡಿನ ಸಾವಿರಾರು ಮನೆಗಳಲ್ಲಿ ಇಂಥ ಅಜ್ಜಿಯರಿದ್ದರು, ಈಗಲೂ ಇದ್ದಾರೆ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂಬುದು ಅವರು ಕೊಡುತ್ತಿದ್ದ ಕಾರಣ.

ಇದಕ್ಕೆ ಶಾಸ್ತ್ರದ ಆಧಾರ ಕೇಳಿದರೆ ಹಿರಿಯರು ಒಂದು ಹಳೆಯ ಸಂಸ್ಕೃತ ಶ್ಲೋಕವನ್ನು ನೆನೆಯುವುದುಂಟು. ಶ್ರೇಯಸ್ಸು ಬಯಸುವವನು ತನ್ನ ಹೆಸರನ್ನು, ಗುರುವಿನ ಹೆಸರನ್ನು, ಕಡುಲೋಭಿಯ ಹೆಸರನ್ನು, ಹಿರಿಯ ಮಗುವಿನ ಹೆಸರನ್ನು ಮತ್ತು ಹೆಂಡತಿಯ ಹೆಸರನ್ನು ಹೇಳಬಾರದು ಎಂಬುದು ಅದರ ಸಾರ. ಗಮನಿಸಿ, ಆ ನಿಯಮ ಇರುವುದು ಗಂಡಸಿಗೆ. ಹೆಂಡತಿಯ ಹೆಸರು ಹೇಳಬೇಡ ಎಂದು ಗಂಡನಿಗೆ ಹೇಳಿದ ಮಾತು ಅದು. ಆದರೆ ರೂಢಿಯಲ್ಲಿ ಅದರ ಭಾರವೆಲ್ಲ ಬಿದ್ದದ್ದು ಹೆಂಡತಿಯ ನಾಲಗೆಯ ಮೇಲೆ. ಗಂಡನೂ ಹೆಂಡತಿಯ ಹೆಸರು ಹೇಳುತ್ತಿರಲಿಲ್ಲ, ನಿಜ. ಅವನು ‘ಇವಳೇ’, ‘ಲೇ’, ‘ಎಲ್ಲಿದೀಯೇ’ ಎಂದು ಕರೆಯುತ್ತಿದ್ದ. ಅವಳು ‘ರೀ’ ಎಂದು ಕರೆಯುತ್ತಿದ್ದಳು. ‘ಬನ್ನಿರಿ’, ‘ನೋಡಿರಿ’ ಎಂಬಲ್ಲಿ ಬಾಲದಂತೆ ಅಂಟಿಕೊಂಡಿರುವ ಆ ಗೌರವದ ಪ್ರತ್ಯಯವೇ ಇಡೀ ಮನುಷ್ಯನಿಗೆ ಹೆಸರಾಗಿ ನಿಂತುಬಿಟ್ಟಿತು. ಇಬ್ಬರೂ ಹೆಸರನ್ನು ಬಳಸಿಕೊಂಡೇ ಹೋಗುತ್ತಿದ್ದರು. ಒಬ್ಬರದು ಏಕವಚನದ ಬಳಸುದಾರಿ, ಇನ್ನೊಬ್ಬರದು ಬಹುವಚನದ್ದು. ಕನ್ನಡದಂಥ ಭಾಷೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಪ್ರತಿ ಕ್ರಿಯಾಪದದ ಕೊನೆಯಲ್ಲೂ ಯಾರು ಮೇಲೆ, ಯಾರು ಕೆಳಗೆ ಎಂದು ದಿನಕ್ಕೆ ನೂರು ಸಲ ಹೇಳಿಕೊಂಡು ತಿರುಗುವ ಭಾಷೆ ನಮ್ಮದು.

ಹೆಸರಿನ ಜೊತೆಗೆ ಇನ್ನೆಷ್ಟೋ ಸಂಗತಿಗಳು ಸುತ್ತುಮಾತಿನ ಬೇಲಿಯೊಳಗೆ ಸೇರಿದವು. ಮುಟ್ಟಾದರೆ ‘ಹೊರಗಾಗಿದ್ದಾಳೆ’ ಅಥವಾ ‘ಕಾಗೆ ಮುಟ್ಟಿದೆ’. ಬಸಿರಾದರೆ ‘ತಿಂಗಳು ನಿಂತಿದೆ’. ಬಳೆ ಒಡೆದರೆ ‘ಬಳೆ ಹೆಚ್ಚಿತು’. ಹೊಸದಾಗಿ ಮದುವೆಯಾದವಳನ್ನು ಊರೆಲ್ಲ ಕೇಳುವ ಪ್ರಶ್ನೆ, ‘ಏನಾದರೂ ವಿಶೇಷ ಇದೆಯಾ?’ ಸೊಸೆಗೆ ಮುಟ್ಟಬೇಕಾದ ಮಾತನ್ನು ಅತ್ತೆ ಮಗಳಿಗೆ ಹೇಳುತ್ತಾಳೆ. ಅತ್ತೆಗೆ ಮುಟ್ಟಬೇಕಾದದ್ದನ್ನು ಸೊಸೆ ಪಾತ್ರೆಗಳ ಸದ್ದಿನಲ್ಲಿ ಹೇಳುತ್ತಾಳೆ. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂಬ ಗಾದೆ ಹುಟ್ಟಿದ್ದು ಇಂಥ ಮನೆಗಳಲ್ಲೇ. ಕೋಪವನ್ನು ನೇರವಾಗಿ ಹೇಳುವ ಹಕ್ಕು ಇಲ್ಲದಿದ್ದರೂ ಕೋಪ ಬರದೇ ಇರುವುದಿಲ್ಲ. ಅದಕ್ಕೊಂದು ಬೆಕ್ಕು ಬೇಕು.

ಹಾಗೆಂದು ಇದನ್ನೆಲ್ಲ ಬರಿಯ ಬಾಯಿಕಟ್ಟು ಎಂದುಕೊಂಡರೆ ಅರ್ಧ ಕತೆ ಬಿಟ್ಟುಹೋಗುತ್ತದೆ. ಉತ್ತರ ಕರ್ನಾಟಕದ ಒಡಪುಗಳನ್ನು ನೋಡಿ. ಮದುವೆಯಲ್ಲಿ, ಸೀಮಂತದಲ್ಲಿ, ಆರತಿಯ ಹೊತ್ತಿನಲ್ಲಿ ಹೆಂಗಸರೆಲ್ಲ ಸೇರಿ ಹೊಸ ಸೊಸೆಯನ್ನು ‘ಗಂಡನ ಹೆಸರು ಹೇಳು’ ಎಂದು ಹಿಡಿದು ಕೂರಿಸುತ್ತಾರೆ. ಬರಿದೇ ಹೇಳುವಂತಿಲ್ಲ. ಪ್ರಾಸವಿರುವ ಎರಡು ಸಾಲು ಕಟ್ಟಿ, ಕೊನೆಯಲ್ಲಿ ಹೆಸರನ್ನು ಅದರೊಳಗೆ ಹುದುಗಿಸಿ ಹೇಳಬೇಕು. ಗಡಿಯಾಚೆಯ ಮರಾಠಿ ಮನೆಗಳಲ್ಲಿ ‘ಉಖಾಣೆ’ ಎಂಬ ಹೆಸರಿನಲ್ಲಿ ಇದೇ ಪದ್ಧತಿ ಇದೆ. ವರ್ಷವಿಡೀ ಹೇಳಬಾರದ ಹೆಸರನ್ನು ಅಂದು ಎಲ್ಲರೆದುರು ಹೇಳಬಹುದು. ಅದೂ ತುಸು ತುಂಟತನದೊಂದಿಗೆ. ಅತ್ತೆಯನ್ನು ಚುಚ್ಚುವ, ಗಂಡನ ಜಿಪುಣತನವನ್ನು ಆಡಿಕೊಳ್ಳುವ ಒಡಪುಗಳೂ ಇವೆ. ಯಾರೂ ಸಿಟ್ಟಾಗುವಂತಿಲ್ಲ, ಅದು ಆಟ. ಬೀಗ ಹಾಕಿದ ಸಮಾಜವೇ ವರ್ಷಕ್ಕೆ ಎರಡು ಸಲ ಕೀಲಿಕೈಯನ್ನೂ ಕೊಟ್ಟ ಹಾಗೆ. ಆ ಕೀಲಿಕೈಯನ್ನು ಹೆಂಗಸರು ಕಲೆಯಾಗಿ ಮಾಡಿಕೊಂಡರು.

ಬೀಸುವ ಹಾಡುಗಳದೂ ಅದೇ ದಾರಿ. ಬೆಳಗಿನ ಜಾವ ಎದ್ದು ಬೀಸುಕಲ್ಲಿನ ಮುಂದೆ ಕೂತ ಹೆಣ್ಣು ತವರಿನ ನೆನಪನ್ನು, ಗಂಡನ ನಿರ್ಲಕ್ಷ್ಯವನ್ನು, ಬಂಜೆತನದ ನೋವನ್ನು ಕಲ್ಲಿಗೆ ಹೇಳಿಕೊಂಡಳು, ಗಿಳಿಗೆ ಹೇಳಿಕೊಂಡಳು, ದೂರದ ಅಣ್ಣನಿಗೆ ಹೇಳಿಕೊಂಡಳು. ಒಳಕೋಣೆಯಲ್ಲಿ ಮಲಗಿದ್ದವರಿಗೆ ಅದು ಕೇಳಿಸುತ್ತಿರಲಿಲ್ಲ ಅಂದುಕೊಳ್ಳಲು ಕಾರಣವಿಲ್ಲ. ಅವರಿಗೆ ಹೇಳಿದ್ದಲ್ಲವಾದ್ದರಿಂದ ಅವರು ಉತ್ತರ ಕೊಡುವಂತಿರಲಿಲ್ಲ, ಅಷ್ಟೇ. 1930ರ ದಶಕದ ಆರಂಭದಲ್ಲಿ ಹಲಸಂಗಿಯ ಗೆಳೆಯರು ಈ ಹಾಡುಗಳನ್ನು ಸಂಗ್ರಹಿಸಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದಾಗ, ಬೀಸುಕಲ್ಲಿಗೆ ಹೇಳಿದ ಮಾತು ಓದುವ ಕನ್ನಡಿಗರಿಗೆಲ್ಲ ಕೇಳಿಸಿತು.

ಕನ್ನಡದ ಹೆಂಗಸರು ಯಾವಾಗಲೂ ಹೀಗೆಯೇ ಮಾತಾಡಿದರು ಎಂದುಕೊಳ್ಳುವುದೂ ಸರಿಯಲ್ಲ. ಹನ್ನೆರಡನೆಯ ಶತಮಾನದ ಶರಣೆಯರನ್ನು ಓದಿದರೆ ಈ ಚಿತ್ರ ತಲೆಕೆಳಗಾಗುತ್ತದೆ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ತನ್ನ ಗಂಡ ಎಂದಳು, ಮತ್ತು ವಚನ ವಚನದ ಕೊನೆಯಲ್ಲೂ ಆ ಗಂಡನ ಹೆಸರನ್ನು ಹಿಡಿದು ಕರೆದಳು. ದೇವರ ಮಾತಾಯಿತಲ್ಲ ಎನ್ನುವವರಿಗೆ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಕಲ್ಯಾಣದ ಬೀದಿಗಳಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕ ಅವಳ ಗಂಡ ಮಾರಯ್ಯನದು. ಒಂದು ದಿನ ಅವನು ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ, ಈ ಆಸೆ ನಮಗೆ ತಕ್ಕದ್ದಲ್ಲ ಎಂದು ಮುಖಕ್ಕೆ ಹೇಳಿದವಳು ಅವಳು. ‘ಅಕ್ಕಿ ಸ್ವಲ್ಪ ಜಾಸ್ತಿಯಾಯಿತೇನೋ’ ಎಂದು ರಾಗ ಎಳೆಯಲಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಅವಳ ಅಂಕಿತ: ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಹೆಸರು ಅವಳ ಅಂಕಿತದೊಳಗೇ ಇದೆ. ಸಂಸಾರದಲ್ಲಿದ್ದ, ಬಡ, ದುಡಿಯುವ ಹೆಣ್ಣೊಬ್ಬಳು ಗಂಡನನ್ನು ಹೆಸರು ಹಿಡಿದು ಹೇಳಿ, ತಿದ್ದಿ, ಅದನ್ನು ವಚನವಾಗಿ ಉಳಿಸಿದಳು. ನೇರಮಾತಿಗೆ ಜಾಗ ಸಿಕ್ಕಲ್ಲಿ ಹೆಣ್ಣು ನೇರವಾಗಿಯೇ ಮಾತಾಡಿದ್ದಾಳೆ ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಐದು ಶತಮಾನ ದಾಟಿ ಮೈಸೂರಿನ ಅರಮನೆಗೆ ಬಂದರೆ ಬೇರೆ ದನಿ ಕೇಳುತ್ತದೆ. ಚಿಕ್ಕದೇವರಾಜ ಒಡೆಯರು ಆಳಿದ್ದು 1673ರಿಂದ 1704ರವರೆಗೆ. ಅವರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗದವಳು ಹೊನ್ನಮ್ಮ. ಆಕೆ ಸಾಂಗತ್ಯದಲ್ಲಿ ಬರೆದ ‘ಹದಿಬದೆಯ ಧರ್ಮ’ ಪತಿವ್ರತೆಯ ನಡೆನುಡಿಗಳನ್ನು ಬೋಧಿಸುವ ಕಾವ್ಯ. ಅತ್ತೆ ಮಾವಂದಿರ ಸೇವೆ, ಗಂಡನ ಮನಸ್ಸರಿತು ನಡೆಯುವುದು ಮುಂತಾಗಿ ಅರಮನೆ ಒಪ್ಪುವ ಮಾತುಗಳೇ ಅದರ ತುಂಬ. ಆ ಸಾಲುಗಳ ನಡುವೆ ಒಂದು ಕಡೆ ಆಕೆ ಮೆಲ್ಲಗೆ ಕೇಳುತ್ತಾಳೆ: ಹೆಣ್ಣು ಹೆಣ್ಣೆಂದು ಹೀಗಳೆಯುತ್ತೀರಲ್ಲ, ನಿಮ್ಮನ್ನು ಹೆತ್ತು ಸಾಕಿದ ತಾಯಿ ಹೆಣ್ಣಲ್ಲವೇ? ಇಂದಿಗೂ ಕನ್ನಡಿಗರು ಹೊನ್ನಮ್ಮನನ್ನು ನೆನೆಯುವುದು ಆ ಒಂದು ಪ್ರಶ್ನೆಯಿಂದ. ಪುಸ್ತಕದ ಉಳಿದ ಬೋಧನೆಯನ್ನು ಸಂಶೋಧಕರ ಹೊರತು ಯಾರೂ ಓದುವುದಿಲ್ಲ. ಆ ಪ್ರಶ್ನೆಯೊಂದನ್ನೇ ಬರೆದಿದ್ದರೆ ಅರಮನೆಯ ಊಳಿಗದವಳ ಮಾತು ಮುನ್ನೂರು ವರ್ಷ ಉಳಿಯುತ್ತಿತ್ತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ವಿಧೇಯತೆಯ ಪುಸ್ತಕವೇ ಆ ಪ್ರಶ್ನೆಗೆ ರಕ್ಷಾಕವಚವಾಯಿತು. ಹೊಟ್ಟು ತೂರಿಹೋದ ಮೇಲೂ ಕಾಳು ಉಳಿಯಿತು.

ಕನ್ನಡದ ಹೆಂಗಸರು ಹೇಳುವ ಜನಪದ ಕತೆಗಳಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕತೆಯಲ್ಲಿ ಗೃಹಿಣಿಯೊಬ್ಬಳಿಗೆ ಒಂದು ಕತೆ, ಒಂದು ಹಾಡು ಗೊತ್ತಿರುತ್ತದೆ. ಯಾರಿಗೂ ಹೇಳುವುದಿಲ್ಲ. ಒಳಗೇ ಉಸಿರುಕಟ್ಟಿದ ಕತೆ ಮತ್ತು ಹಾಡು, ಅವಳು ಬಾಯಿ ತೆರೆದು ನಿದ್ದೆ ಮಾಡುವಾಗ ಹೊರಬಿದ್ದು, ಗಂಡಸಿನ ಜೋಡು ಮತ್ತು ಅಂಗಿಯಾಗಿ ಮನೆಯ ಬಾಗಿಲಲ್ಲಿ ಕೂರುತ್ತವೆ. ಗಂಡನಿಗೆ ಅನುಮಾನ, ಜಗಳ. ಅವನು ಮುನಿಸಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ಯೋತಿಗಳು ಆ ಗುಡಿಗೆ ಬಂದು ಹರಟೆ ಹೊಡೆಯುತ್ತವೆ. ತಡವಾಗಿ ಬಂದ ಅವನ ಮನೆಯ ಜ್ಯೋತಿ ನಡೆದದ್ದನ್ನೆಲ್ಲ ಹೇಳುತ್ತದೆ. ಗಂಡನಿಗೆ ನಿಜ ತಿಳಿಯುವುದೂ ಹೀಗೆ, ಪಕ್ಕದಿಂದ ಕೇಳಿಸಿಕೊಂಡು. ಮನೆಗೆ ಬಂದು ಆ ಕತೆ ಯಾವುದು, ಹಾಡು ಯಾವುದು ಎಂದು ಕೇಳಿದರೆ ಅವಳಿಗೆ ಎರಡೂ ಮರೆತುಹೋಗಿರುತ್ತವೆ. ಹೇಳದೇ ಹೋದ ಮಾತು ಹೇಳಬಲ್ಲವಳನ್ನೇ ಬಿಟ್ಟುಹೋಗುತ್ತದೆ ಎಂಬುದನ್ನು ಇಷ್ಟು ಸರಳವಾಗಿ ಹೇಳಿದ ಕತೆಯನ್ನು ನಾನು ಬೇರೆ ಕಂಡಿಲ್ಲ.

ಗಿರೀಶ ಕಾರ್ನಾಡರು ಈ ಕತೆಯನ್ನೂ, ನಾಗಪ್ಪ ಗಂಡನ ರೂಪದಲ್ಲಿ ಬರುವ ಇನ್ನೊಂದು ಕತೆಯನ್ನೂ ಸೇರಿಸಿ 1988ರಲ್ಲಿ ‘ನಾಗಮಂಡಲ’ ನಾಟಕ ಮಾಡಿದರು. ಅದರಲ್ಲಿ ರಾಣಿ ಹಾವಿನ ಹುತ್ತಕ್ಕೆ ಕೈಹಾಕಿ, ತನ್ನ ಗಂಡ ಮತ್ತು ಈ ನಾಗರಹಾವು ಬಿಟ್ಟರೆ ಬೇರೆ ಗಂಡನ್ನು ಮುಟ್ಟಿಲ್ಲ ಎಂದು ಪಂಚರ ಮುಂದೆ ಪ್ರಮಾಣ ಮಾಡುತ್ತಾಳೆ. ಅಕ್ಷರಶಃ ನಿಜ. ಪಂಚರು ಅವಳನ್ನು ದೇವಿ ಎಂದು ಕಾಲಿಗೆ ಬೀಳುತ್ತಾರೆ. ನಾಟಕ ನೋಡುವಾಗ ಈ ದೃಶ್ಯಕ್ಕೆ ಹೆಂಗಸರು ನಗುವ ರೀತಿಯೇ ಬೇರೆ. ಸುಳ್ಳು ಹೇಳದೆ, ಕೇಳುವವನಿಗೆ ಪೂರ್ತಿ ನಿಜವನ್ನೂ ಒಪ್ಪಿಸದೆ ದಾಟಿಕೊಳ್ಳುವ ಕಷ್ಟ ಅವರಿಗೆ ಗೊತ್ತಿರುವಂಥದ್ದು.

ಇಷ್ಟಾದ ಮೇಲೆ ಪಂಡಿತರು ಏನು ಹೇಳಿದ್ದಾರೆ ನೋಡೋಣ. 1922ರಲ್ಲಿ ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಓಟ್ಟೋ ಯೆಸ್ಪರ್ಸನ್ ತಮ್ಮ ದೊಡ್ಡ ಗ್ರಂಥದಲ್ಲಿ ‘ಹೆಂಗಸು’ ಎಂಬ ಒಂದು ಅಧ್ಯಾಯವನ್ನೇ ಬರೆದರು. ‘ಗಂಡಸು’ ಎಂಬ ಅಧ್ಯಾಯ ಅಲ್ಲಿಲ್ಲ. ಗಂಡಸಿನ ಮಾತೇ ಭಾಷೆ, ಹೆಂಗಸಿನದು ಅದರ ಒಂದು ವಿಶೇಷ ಪ್ರಕರಣ. ಒರಟು ಪದಗಳನ್ನು ತಪ್ಪಿಸಿ ನಯವಾದ, ಬಳಸಿ ಹೇಳುವ ಮಾತನ್ನು ಹೆಂಗಸರು ಹುಟ್ಟಿನಿಂದಲೇ ಇಷ್ಟಪಡುತ್ತಾರೆ ಎಂಬುದು ಅವರ ನಿಲುವು. ಅರ್ಧ ಶತಮಾನದ ನಂತರ, 1973ರಲ್ಲಿ, ಅಮೆರಿಕದ ರಾಬಿನ್ ಲೇಕಾಫ್ ಅದೇ ಲಕ್ಷಣಗಳನ್ನು ತಿರುಗಿಸಿ ನೋಡಿದರು. ಅನುಮಾನದ ಪದಗಳು, ‘ಅಲ್ಲವೇ?’ ಎಂದು ಕೊನೆಗೊಳ್ಳುವ ವಾಕ್ಯಗಳು, ಆಜ್ಞೆಯ ಬದಲು ಕೋರಿಕೆ: ಇವೆಲ್ಲ ಹುಟ್ಟಿನಿಂದ ಬಂದವಲ್ಲ, ಹುಡುಗಿಯರಿಗೆ ಕಲಿಸಿದವು ಎಂದರು. ಅವರು ತೋರಿಸಿದ ಇಕ್ಕಟ್ಟು ನಮಗೂ ಚೆನ್ನಾಗಿ ಗೊತ್ತು. ಕಲಿಸಿದಂತೆ ಮಾತಾಡಿದರೆ ಇವಳಿಗೆ ಗಟ್ಟಿತನವಿಲ್ಲ ಎನ್ನುತ್ತಾರೆ. ಕಲಿಸಿದ್ದನ್ನು ಬಿಟ್ಟು ಮಾತಾಡಿದರೆ ಇವಳು ಹೆಂಗಸೇ ಅಲ್ಲ ಎನ್ನುತ್ತಾರೆ.

ಲೇಕಾಫ್ ತಮ್ಮ ಸುತ್ತಲಿನ ವಿದ್ಯಾವಂತ ಬಿಳಿಯರ ಮಾತನ್ನು ಗಮನಿಸಿ ಬರೆದವರು. ಅದನ್ನು ಪರೀಕ್ಷೆಗೆ ಒಡ್ಡಿದವರು ವಿಲಿಯಂ ಓಬಾರ್ ಮತ್ತು ಬೋಮನ್ ಆಟ್ಕಿನ್ಸ್. ಉತ್ತರ ಕೆರೊಲಿನಾದ ನ್ಯಾಯಾಲಯಗಳಲ್ಲಿ ಸಾಕ್ಷಿಗಳು ಆಡಿದ ಮಾತನ್ನು ಧ್ವನಿಮುದ್ರಿಸಿ, 1980ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಕುತೂಹಲದ್ದು. ಲೇಕಾಫ್ ಹೇಳಿದ ‘ಹೆಂಗಸರ ಭಾಷೆ’ಯನ್ನು ಕೆಲವು ಗಂಡಸರೂ ಧಾರಾಳವಾಗಿ ಆಡುತ್ತಿದ್ದರು, ಕೆಲವು ಹೆಂಗಸರು ಆಡುತ್ತಲೇ ಇರಲಿಲ್ಲ. ಸಾಕ್ಷಿ ಹೇಳಲು ಬಂದ ತಜ್ಞ ವೈದ್ಯೆ ನೇರವಾಗಿ ಮಾತಾಡಿದಳು. ಸಮಾಜದಲ್ಲಿ ಕೆಳಗಿನ ಸ್ಥಾನದ, ನ್ಯಾಯಾಲಯ ಹೊಸತಾದ ಗಂಡಸು ತಡವರಿಸಿ, ಬಳಸಿ ಮಾತಾಡಿದ. ಇದು ಹೆಂಗಸರ ಭಾಷೆಯಲ್ಲ, ಅಧಿಕಾರವಿಲ್ಲದವರ ಭಾಷೆ ಎಂದು ಅವರು ಹೆಸರು ಬದಲಿಸಿದರು. ಹೆಚ್ಚಿನ ಹೆಂಗಸರು ಅಧಿಕಾರವಿಲ್ಲದ ಜಾಗದಲ್ಲಿ ಇದ್ದುದರಿಂದ ಅದು ಹೆಂಗಸರದು ಎಂದು ಕಾಣುತ್ತಿತ್ತು.

ಆದರೆ ನನಗೆ ಇದೆಲ್ಲದಕ್ಕಿಂತ ಮುಖ್ಯವೆನಿಸಿದ್ದು ಮಡಗಾಸ್ಕರಿನಿಂದ ಬಂದ ಒಂದು ವರದಿ. ಎಲಿನಾರ್ ಕೀನನ್, ಮುಂದೆ ಎಲಿನಾರ್ ಆಕ್ಸ್ ಎಂದು ಹೆಸರಾದ ವಿದ್ವಾಂಸೆ, ಅಲ್ಲಿನ ಹಳ್ಳಿಯೊಂದರಲ್ಲಿ ಇದ್ದು 1974ರಲ್ಲಿ ಬರೆದದ್ದು ಇದು. ಆ ಹಳ್ಳಿಯಲ್ಲಿ ಸುತ್ತಿ ಬಳಸಿ ಮಾತಾಡುವವರು ಗಂಡಸರು. ಯಾರ ಮನಸ್ಸೂ ನೋಯದಂತೆ, ಗಾದೆಗಳನ್ನು ಪೋಣಿಸಿ, ವಿಷಯದ ಹತ್ತಿರ ಹತ್ತಿರ ಸುಳಿಯುವುದು ಅಲ್ಲಿ ದೊಡ್ಡ ವಿದ್ಯೆ. ಸಭೆಯಲ್ಲಿ ಮಾತಾಡುವ ‘ಕಬಾರಿ’ ಎಂಬ ಕಲೆ ಗಂಡಸರ ಸ್ವತ್ತು. ಹೆಂಗಸರು ಅನ್ನಬೇಕಾದ್ದನ್ನು ನೆಟ್ಟಗೆ ಅನ್ನುತ್ತಾರೆ. ಹಾಗಾಗಿ ಸಂತೆಯಲ್ಲಿ ಚೌಕಾಶಿ ಮಾಡುವುದು, ಮಕ್ಕಳನ್ನು ಗದರುವುದು, ತಪ್ಪು ಮಾಡಿದ ನೆರೆಯವರನ್ನು ತರಾಟೆಗೆ ತೆಗೆದುಕೊಳ್ಳುವುದು ಅವರ ಪಾಲಿನ ಕೆಲಸ. ಗಂಡಸರೇ ಅವರನ್ನು ಮುಂದೆ ಬಿಟ್ಟು ತಮ್ಮ ಕೆಲಸ ಮಾಡಿಸಿಕೊಳ್ಳುತ್ತಾರೆ. ಹಾಗಾದರೆ ಅಲ್ಲಿ ಹೆಂಗಸರ ನೇರಮಾತಿಗೆ ಬೆಲೆಯಿದೆಯೇ? ಇಲ್ಲ. ಹೆಂಗಸರಿಗೆ ಮಾತಾಡಲು ಬರುವುದಿಲ್ಲ, ನಾಲಗೆಗೆ ಹಿಡಿತವಿಲ್ಲ ಎಂಬುದೇ ಅಲ್ಲಿನ ಅಭಿಪ್ರಾಯ.

ಇಲ್ಲಿ ಬಳಸಿ ಮಾತಾಡುವುದು ಹೆಂಗಸಿನ ದೌರ್ಬಲ್ಯ, ಅಲ್ಲಿ ನೇರವಾಗಿ ಮಾತಾಡುವುದು ಹೆಂಗಸಿನ ದೌರ್ಬಲ್ಯ. ಮಾತಿನ ರೀತಿ ಅದಲುಬದಲಾದರೂ ಅಂಕ ಹಾಕುವವರು ಬದಲಾಗಿಲ್ಲ.

ನಮ್ಮ ಪದಕೋಶವೂ ಇದಕ್ಕೆ ಸಾಕ್ಷಿ. ಮುಚ್ಚುಮರೆಯಿಲ್ಲದೆ ಮಾತಾಡುವ ಗಂಡಸನ್ನು ‘ನೇರನುಡಿಯವರು’, ‘ಖಡಕ್ ಮನುಷ್ಯ’ ಎನ್ನುತ್ತೇವೆ. ಹಾಗೆ ಮಾತಾಡುವ ಹೆಂಗಸಿಗೆ ‘ಗಯ್ಯಾಳಿ’, ‘ಬಾಯಿಬಡಕಿ’, ‘ಗಂಡುಬೀರಿ’ ಎಂಬ ಪದಗಳು ಕಾದಿವೆ. ‘ಗಯ್ಯಾಳಿ’ಗೂ ‘ಗಂಡುಬೀರಿ’ಗೂ ಸಮನಾದ ಪುಲ್ಲಿಂಗ ಪದವನ್ನು ಹುಡುಕಿ ನೋಡಿ. ಬಳಸಿ ಮಾತಾಡುವ ಗಂಡಸಿಗೂ ಒಳ್ಳೆಯ ಹೆಸರುಗಳೇ ಇವೆ: ‘ಮುತ್ಸದ್ದಿ’, ‘ವ್ಯವಹಾರ ಬಲ್ಲವರು’, ‘ತೂಕದ ಮನುಷ್ಯ’. ಗಂಡಸರು ಸುತ್ತುಮಾತು ಆಡುವುದಿಲ್ಲ ಎಂದವರಾರು? ದನಗಳ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಮುಟ್ಟಿಸಿ ಎತ್ತಿನ ಬೆಲೆ ಕುದುರಿಸುವುದಕ್ಕಿಂತ ದೊಡ್ಡ ಸುತ್ತುಮಾತು ಯಾವುದಿದೆ? ‘ತಮ್ಮ ಅವಗಾಹನೆಗೆ ಮತ್ತು ಸೂಕ್ತ ಕ್ರಮಕ್ಕಾಗಿ’ ಎಂದು ಕಡತ ಮೇಲಕ್ಕೆ ಕಳಿಸುವ ಗುಮಾಸ್ತ, ‘ಮುಂದೆ ನೋಡೋಣ’ ಎಂದು ಗಂಡಿನ ಕಡೆಯವರನ್ನು ಸಾಗಹಾಕುವ ಹೆಣ್ಣಿನ ತಂದೆ, ‘ಸಾಹೇಬರು ಹೇಳಿದರೆ ಆದೀತು’ ಎನ್ನುವ ಪುಢಾರಿ, ಎಲ್ಲರೂ ಗಂಡಸರೇ. ಮೇಲಿನವರ ಮುಂದೆ ನಿಂತಾಗ ಗಂಡಸಿನ ವ್ಯಾಕರಣವೂ ಹೆಂಗಸಿನದರಂತೆಯೇ ಬಾಗುತ್ತದೆ.

ಅದರ ಬೆಲೆ ಎಷ್ಟಿರಬಹುದು ಎಂಬುದಕ್ಕೆ ಒಂದು ನಿದರ್ಶನ ವಿಮಾನದ ಚರಿತ್ರೆಯಲ್ಲಿದೆ. 1982ರ ಜನವರಿ 13ರಂದು ವಾಷಿಂಗ್ಟನ್ನಿನಲ್ಲಿ ಹಿಮ ಸುರಿಯುತ್ತಿದ್ದಾಗ ಏರ್ ಫ್ಲೋರಿಡಾ ಸಂಸ್ಥೆಯ ವಿಮಾನವೊಂದು ಹಾರಲು ಹೊರಟಿತು. ರೆಕ್ಕೆಗಳ ಮೇಲಿನ ಹಿಮದ ಬಗ್ಗೆ ಸಹಪೈಲಟ್ ಕಾಯುವಾಗಲೇ ಮಾತು ತೆಗೆದ. ಓಡುದಾರಿಯಲ್ಲಿ ವೇಗ ಪಡೆಯುವಾಗ, ಮಾಪಕ ತೋರಿಸುತ್ತಿರುವುದು ಸರಿಯಿದ್ದಂತಿಲ್ಲ ಎಂದ. ಸರಿಯಾಗಿದೆ ಎಂದ ಕ್ಯಾಪ್ಟನ್. ನಿಲ್ಲಿಸಿ ಎಂಬ ಮಾತು ಸಹಪೈಲಟ್‌ನ ಬಾಯಿಂದ ಬರಲಿಲ್ಲ. ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. 78 ಮಂದಿ ಸತ್ತರು. ಕಾಕ್‌ಪಿಟ್ಟಿನಲ್ಲಿ ಇದ್ದವರಿಬ್ಬರೂ ಗಂಡಸರು. ಇಂಥ ಅಪಘಾತಗಳ ಧ್ವನಿಮುದ್ರಿಕೆಗಳನ್ನು ಕೇಳಿದ ಮೇಲೆ ವಿಮಾನ ಸಂಸ್ಥೆಗಳು ಕಿರಿಯ ಪೈಲಟ್‌ಗಳಿಗೆ ನೇರವಾಗಿ ಹೇಳುವುದನ್ನೂ, ಹಿರಿಯರಿಗೆ ಸೂಚನೆಯನ್ನು ಕೇಳಿಸಿಕೊಳ್ಳುವುದನ್ನೂ ಪಾಠವಾಗಿ ಕಲಿಸತೊಡಗಿದವು. ಎರಡನೆಯ ಪಾಠ ಇದೆ ಎಂಬುದನ್ನು ಮರೆಯಬಾರದು. ನಮ್ಮ ಮನೆಗಳಲ್ಲಿ ಮೊದಲನೆಯದನ್ನು ಮಾತ್ರ ಹೆಂಗಸರಿಗೆ ಹೇಳುತ್ತೇವೆ: ‘ಬಾಯಿ ಬಿಟ್ಟು ಹೇಳಬಾರದಿತ್ತೇ?’

ನಮ್ಮ ದೇಶದಲ್ಲೂ ಇದರ ಲೆಕ್ಕ ಒಮ್ಮೆ ಅಂಕಿಗಳಲ್ಲಿ ಸಿಕ್ಕಿತು. 1951–52ರ ಮೊದಲ ಸಾರ್ವತ್ರಿಕ ಚುನಾವಣೆಗೆ ಮತದಾರರ ಪಟ್ಟಿ ತಯಾರಿಸಲು ಹೋದವರಿಗೆ ಅನೇಕ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ತಾಯಿ, ಇಂಥವನ ಹೆಂಡತಿ, ಇಂಥವನ ಮಗಳು ಎಂದರು. ಪರಗಂಡಸಿಗೆ ಹೆಸರು ಹೇಳುವುದು ಅವರ ಮರ್ಯಾದೆಯ ವ್ಯಾಕರಣದಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಹಾಗೆಯೇ ಬರೆದುಕೊಂಡರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಮತ ಕೊಡುವವಳು ಒಬ್ಬ ವ್ಯಕ್ತಿ, ಅವಳಿಗೊಂದು ಹೆಸರು ಇರಲೇಬೇಕು ಎಂದರು. ಮತ್ತೆ ಕೇಳಿಸಿದರು. ಆದರೂ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಹೆಚ್ಚುಕಡಿಮೆ 28 ಲಕ್ಷ ಮಂದಿ ಹೆಸರು ಕೊಡದೆ ಪಟ್ಟಿಯಿಂದ ಹೊರಗುಳಿದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯ ಭಾರತದ ಕಡೆಯವರು. 28 ಲಕ್ಷ ಮತಗಳು ಒಂದು ನಯಗಾರಿಕೆಗೆ ಸಂದ ಬೆಲೆ. ಮುಂದಿನ ಪಟ್ಟಿಗಳಲ್ಲಿ ಹೆಸರುಗಳು ಬಂದವು.

ಸೇನರ ಹಟ ಸರಿಯೋ ತಪ್ಪೋ ಎಂದು ಕೇಳಿದರೆ ನನ್ನ ಉತ್ತರ ಎರಡು ಕಡೆಗೂ ಎಳೆಯುತ್ತದೆ. ಆ 28 ಲಕ್ಷ ಹೆಂಗಸರು ಮೊದಲ ಸಲ ಸಿಕ್ಕ ಹಕ್ಕನ್ನು ಕಳೆದುಕೊಂಡರು, ಅದು ಅನ್ಯಾಯ. ಆದರೆ ‘ಇಂಥವನ ಹೆಂಡತಿ’ ಎಂಬುದನ್ನೇ ಹೆಸರೆಂದು ಒಪ್ಪಿಕೊಂಡಿದ್ದರೆ ಗಣರಾಜ್ಯದ ಮೊದಲ ದಾಖಲೆಯಲ್ಲೇ ಅವರು ಇನ್ನೊಬ್ಬರ ಬಾಲವಾಗಿ ಉಳಿಯುತ್ತಿದ್ದರು. ಅದಕ್ಕೆ ಹತ್ತಾರು ವರ್ಷ ಮೊದಲು ಕನ್ನಡದಲ್ಲೇ ಒಂದು ವಿಚಿತ್ರ ನಡೆದಿತ್ತು. 1912ರಲ್ಲಿ ಹುಟ್ಟಿ 1939ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ತೀರಿಹೋದ ಕೊಡಗಿನ ಗೌರಮ್ಮ ನಮ್ಮ ಅತ್ಯಂತ ದಿಟ್ಟ ಕತೆಗಾರ್ತಿಯರಲ್ಲಿ ಒಬ್ಬರು. ಅವರು ಕತೆಗಳನ್ನು ಬರೆದದ್ದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ. ಮನೆಯಲ್ಲಿ ಬಾಯಿಂದ ಬರಬಾರದ ಹೆಸರು ಅಚ್ಚಿನಲ್ಲಿ ಆಕೆಯ ಹೆಸರಾಯಿತು. ಆಕೆಯ ಹೆಸರು ಅದರ ಹಿಂದೆ ನಿಂತಿತು.

ಈಗ ಕಾಲ ಬದಲಾಗಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮನೆಗಳಲ್ಲಿ ಹೆಂಡತಿ ಗಂಡನನ್ನು ಹೆಸರು ಹಿಡಿದು ಕೂಗುತ್ತಾಳೆ, ಅತ್ತೆಯೂ ಅದಕ್ಕೆ ಒಗ್ಗಿಕೊಂಡಿದ್ದಾರೆ. ಒಡಪು ಹೇಳುವುದು ಮದುವೆಯ ವೀಡಿಯೊಗಳಲ್ಲಿ ಹೊಸ ಜೀವ ಪಡೆದಿದೆ, ಗಂಡಿಗೂ ಹೇಳಿಸುತ್ತಾರೆ. ಆದರೆ ಸುತ್ತುಮಾತಿನ ಅತ್ಯಂತ ಆಳದ ಪದರ ಅಷ್ಟು ಸುಲಭವಾಗಿ ಅಳಿದಿಲ್ಲ. ವೈದ್ಯರ ಮುಂದೆ ‘ಹೊಟ್ಟೆನೋವು’ ಎಂಬ ಒಂದೇ ಪದದೊಳಗೆ ಎಷ್ಟೋ ಹೆಂಗಸರು ಎಷ್ಟೋ ಕಾಯಿಲೆಗಳನ್ನು ಅಡಗಿಸಿಡುತ್ತಾರೆ, ಜೊತೆಗೆ ಬಂದ ಗಂಡ ಉಳಿದದ್ದನ್ನು ಹೇಳುತ್ತಾನೆ. ‘ಬಾಗಿಲು ತಗುಲಿತು’, ‘ಜಾರಿ ಬಿದ್ದೆ’ ಎಂಬ ವಾಕ್ಯಗಳನ್ನು ನಾವೆಲ್ಲ ಕೇಳಿದ್ದೇವೆ. ‘ಅವರಿಗೆ ಸ್ವಲ್ಪ ಕೋಪ ಜಾಸ್ತಿ’ ಎಂಬ ವಾಕ್ಯವನ್ನಂತೂ ನಾನು ನಾಲ್ಕು ಜಿಲ್ಲೆಗಳ ಕನ್ನಡದಲ್ಲಿ ಕೇಳಿದ್ದೇನೆ. ‘ಸ್ವಲ್ಪ’ ಎಂಬ ಪದ ಅಲ್ಲಿ ಏನನ್ನು ಹೊತ್ತುಕೊಂಡಿದೆ ಎಂಬುದು ಹೇಳುವವಳಿಗೂ ಗೊತ್ತು, ಕೇಳುವವರಿಗೂ ಗೊತ್ತು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ, ದೈಹಿಕ, ಲೈಂಗಿಕ, ಮಾತಿನ, ಹಣಕಾಸಿನ ಎಂದು ಹಿಂಸೆಯನ್ನು ಒಂದೊಂದಾಗಿ ಹೆಸರಿಸಿ ತುಂಬಬೇಕಾದ ನಮೂನೆಯನ್ನು ಮುಂದಿಡುತ್ತದೆ. ಹೆಸರನ್ನೇ ಹೇಳಬಾರದೆಂದು ಕಲಿತು ಬೆಳೆದ ನಾಲಗೆ ಆ ನಮೂನೆಯ ಮುಂದೆ ಕೂತಾಗ, ‘ಸ್ವಲ್ಪ ಕೋಪ ಜಾಸ್ತಿ’ ಎಂಬುದನ್ನು ದಿನಾಂಕ, ಸ್ಥಳ, ಗಾಯಗಳಾಗಿ ಬಿಡಿಸಬೇಕಾಗುತ್ತದೆ.

ಅದನ್ನು ಬಿಡಿಸಲು ಹೇಳುವವಳಿಗೆ ಧೈರ್ಯವಿದ್ದರೆ ಸಾಲದು. ಪಕ್ಕದಲ್ಲಿ ಕೂತು ಬರೆದುಕೊಳ್ಳುವವರಿಗೆ ಸುತ್ತುಮಾತಿನ ಕನ್ನಡ ಬರಬೇಕು. ಅದು ನಮ್ಮ ತಾಯಂದಿರ, ಅಜ್ಜಿಯರ ಕನ್ನಡ. ಬೀಸುಕಲ್ಲಿನ, ಒಡಪಿನ, ಹೊನ್ನಮ್ಮನ ಕನ್ನಡ. ಅದನ್ನು ಕೇಳಿ ನಗಲು ನಮಗೆ ಚೆನ್ನಾಗಿ ಬರುತ್ತದೆ. ಓದಲು ಇನ್ನೂ ಕಲಿಯಬೇಕಾಗಿದೆ.